ಎಡಕ್ಕೆ ಎಳೆಯುತ್ತಿದ್ದ ಕಾರು

ಬಾಳ್ಳುಪೇಟೆಯ ಆ ಮೆಕ್ಯಾನಿಕ್ ಯಾರು ಏನೇ ದೂರು ತಂದರೂ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, "ಓಡ್ಸಿ ನೋಡೇಬುಡಣ" ಅನ್ನುತ್ತಿದ್ದರು. ಒಮ್ಮೆ ನಮ್ಮ ಕಾರು ಎಡಕ್ಕೆ ಎಳೆಯತೊಡಗಿತು. ನಮ್ಮ ಡ್ರೈವರಿಗೆ ವಯಸ್ಸಾಯಿತು, ಕೈ ನಿಲ್ಲುತ್ತಿಲ್ಲ, ಬೇರೆಯವರನ್ನು ನೋಡಬೇಕು ಎಂದು ನಾನು ಗ್ಯಾರೇಜಿನಲ್ಲಿ ಡ್ರೈವರ್ ಎದುರಿಗೇ ಮೆಕ್ಯಾನಿಕ್‌ಗೆ ಹೇಳಿಬಿಟ್ಟೆ.

ಮೆಕ್ಯಾನಿಕ್ ನನ್ನನ್ನೇ ಸ್ಟೇರಿಂಗ್ ಮುಂದೆ ಕೂರಿಸಿದರು. ನೇರ ರಸ್ತೆಯಲ್ಲಿ ಕೈ ಸಡಿಲಿಸಿದರೆ ಕಾರು ಎಡಕ್ಕೇ ಹೋಯಿತು. ಮುಂದಿನ ಎರಡು ಚಕ್ರಗಳನ್ನು ಅದಲುಬದಲು ಮಾಡಿ ಮತ್ತೆ ಓಡಿಸಿದರು. ಈಗ ಬಲಕ್ಕೆ ಎಳೆಯಿತು!

"ಟಯರೇ ಕೆಟ್ಟೈತೆ ಕಣ್ರೀ. ಅಣ್ಣನ ಕೈ ಸರಿಯಾಗೇ ಐತೆ. ಮೊದ್ಲು ನಿಮ್ಮ ಮಾತು ವಾಪಸ್ ತಗಳಿ, ಆಮೇಲೆ ಟಯರ್ ಬಿಚ್ತೀನಿ," ಎಂದರು.

ನಾನು ಡ್ರೈವರ್ ಕಡೆ ತಿರುಗಿ, "ತಪ್ಪಾಯ್ತು ಅಣ್ಣ," ಎಂದೆ. ಮೆಕ್ಯಾನಿಕ್ ಮತ್ತೆ ಜಾಕಿ ಎತ್ತಿಕೊಂಡದ್ದು ಆಮೇಲೆಯೇ.