ಸಾವಿರದ ಆರುನೂರು ಸಿಸಿ

ನಾವು ಕೊಂಡಾಗಲೇ ಆ ಕಾರು ಒಬ್ಬರ ಕೈಯಲ್ಲಿ ಓಡಿ ಹಳತಾಗಿತ್ತು. ಕೊರಿಯಾ ಕಂಪನಿಯ ಬೂದು ಬಣ್ಣದ ಸೆಡಾನ್. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದ ನನ್ನ ಗಂಡ, ಕೊಳ್ಳುವ ಮುಂಚೆ ತಿಂಗಳುಗಟ್ಟಲೆ ಅದರ ವಿವರಗಳನ್ನು ಓದಿದ್ದರು. ಅಡುಗೆಮನೆ ಬಾಗಿಲಲ್ಲಿ ನಿಂತು ನನಗೂ ಒಪ್ಪಿಸುತ್ತಿದ್ದರು.

“ಸಾವಿರದ ಆರುನೂರು ಸಿಸಿ ಪೆಟ್ರೋಲ್ ಎಂಜಿನ್ ಕಣೇ. ನಾಲ್ಕು ಸಿಲಿಂಡರ್, ಹದಿನಾರು ವಾಲ್ವ್. ಗ್ರೌಂಡ್ ಕ್ಲಿಯರೆನ್ಸ್ ನೂರ ಎಪ್ಪತ್ತು ಮಿಲಿಮೀಟರ್. ನಮ್ಮ ಚಿಕ್ಕಲಸಂದ್ರದ ಹಂಪ್‌ಗಳಿಗೆ ತಳ ತಾಗಲ್ಲ.”

ಆ ಮಾತು ನಿಜವಾಯಿತು. ಮಗಳ ಸ್ಕೂಲು, ಕಾಲೇಜು, ಆಮೇಲೆ ಅವಳ ಮದುವೆಯ ಓಡಾಟ, ಎಲ್ಲಕ್ಕೂ ಅದೇ ಕಾರು.

ಅವರಿಗೆ ಮರೆವು ಶುರುವಾದದ್ದು ರಿಟೈರ್ ಆದಮೇಲೆ. ಒಂದು ಸಲ ಜಯನಗರಕ್ಕೆ ತರಕಾರಿಗೆ ಹೋದವರು, ಕಾರು ಎಲ್ಲಿ ನಿಲ್ಲಿಸಿದೆ ಅನ್ನುವುದು ಮರೆತು ಆಟೋದಲ್ಲಿ ವಾಪಸ್ ಬಂದರು. ಆಮೇಲೆ ಪಕ್ಕದ ಮನೆಯವರ ಹೆಸರು ಹೋಯಿತು. ಊಟ ಆಯಿತೋ ಇಲ್ಲವೋ ಅನ್ನುವುದೂ ಹೋಯಿತು. ಡಾಕ್ಟರು ಸ್ಕ್ಯಾನ್ ತೋರಿಸಿ, “ಹೋಗಿದ್ದು ವಾಪಸ್ ಬರಲ್ಲಮ್ಮ” ಅಂದರು. ಕಾರಿನ ಅಂಕಿಗಳು ಮಾತ್ರ ಹೋಗಿರಲಿಲ್ಲ.

ಒಂದು ಬೆಳಿಗ್ಗೆ ನಾನು ಮೇಲೆ ಬಟ್ಟೆ ಒಣಹಾಕಿ ಬರುವಷ್ಟರಲ್ಲಿ ಕಾರೂ ಇಲ್ಲ, ಅವರೂ ಇಲ್ಲ. ಮಧ್ಯಾಹ್ನ ಒಂದು ಫೋನ್ ಬಂತು. ವಸಂತಪುರದಲ್ಲಿ ಹೂ ಮಾರುವ ಹೆಂಗಸು, ಅವರ ಜೇಬಿನಲ್ಲಿದ್ದ ಮೊಬೈಲಿನಿಂದಲೇ ಮಾಡಿದ್ದಳು. ರಸ್ತೆ ಪಕ್ಕ ಎಂಜಿನ್ ಆನ್ ಇಟ್ಟುಕೊಂಡು ಕೂತಿದ್ದರಂತೆ. ಮನೆ ಎಲ್ಲಿ ಅಂತ ಕೇಳಿದರೆ, “ಟ್ಯಾಂಕ್ ನಲವತ್ತೈದು ಲೀಟರ್, ಎಷ್ಟು ದೂರ ಬೇಕಾದ್ರೂ ಹೋಗಬಹುದು” ಅಂದರಂತೆ.

ಅವತ್ತೇ ಬೀಗದ ಕೈಯನ್ನು ಬಚ್ಚಿಟ್ಟೆ. ಕಾರಿನ ಬಾಗಿಲಿಗೆ ಮಾತ್ರ ಲಾಕ್ ಹಾಕುತ್ತಿರಲಿಲ್ಲ. ಬೆಳಿಗ್ಗೆ ಕಾಫಿ ಕುಡಿದು ಹೋಗಿ ಸ್ಟೀರಿಂಗ್ ಹಿಡಿದು ಕೂರುತ್ತಿದ್ದರು. ಊಟಕ್ಕೆ ಕರೆಯುವವರೆಗೂ ಅಲ್ಲೇ.

ಬಿಟಿಎಂ ಲೇಔಟಿನಲ್ಲಿರುವ ಮಗಳು ಪ್ರತಿ ಭಾನುವಾರ ಬರುತ್ತಾಳೆ. ಒಂದು ಭಾನುವಾರ ಅವಳು ನೇರವಾಗಿ ಹೋಗಿ ಅವರ ಪಕ್ಕದ ಸೀಟಿನಲ್ಲಿ ಕೂತಳು. ನಾನು ಕಾರಿನ ಕಿಟಕಿಯ ಹತ್ತಿರ ನಿಂತಿದ್ದೆ.

“ಬನ್ನಿ ಮೇಡಂ, ಗಾಡಿ ನೋಡಕ್ಕೆ ಬಂದ್ರಾ?” ಅಂದರು.

“ಅಪ್ಪಾ, ನಾನು” ಅಂದಳು.

ಅವರಿಗೆ ಕೇಳಿಸಲಿಲ್ಲವೋ ಏನೋ. “ಸಾವಿರದ ಆರುನೂರು ಸಿಸಿ. ಡಿಕ್ಕಿ ದೊಡ್ಡದು. ಫ್ಯಾಮಿಲಿಗೆ ಒಳ್ಳೇ ಗಾಡಿ. ನನ್ನ ಮಗಳು ಹಿಂದಿನ ಸೀಟಲ್ಲಿ ಓದಿಕೊಂಡೇ ಪರೀಕ್ಷೆ ಬರೆದಳು.”

ಮಗಳು ತಿರುಗಿ ಹಿಂದಿನ ಸೀಟು ನೋಡಿದಳು. ಆಮೇಲೆ, “ಚೆನ್ನಾಗಿ ಓದ್ತಿದ್ರಾ ಸಾರ್?” ಅಂದಳು.

“ತುಂಬಾ. ಈಗ ಎಲ್ಲಿದ್ದಾಳೋ. ಬರೋದೇ ಇಲ್ಲ.”

ಅವಳು ಕೆಳಗಿಳಿದು, ಬಾಗಿಲನ್ನು ಮೆಲ್ಲಗೆ ಹಾಕಿ, ಬಚ್ಚಲುಮನೆಗೆ ಹೋದಳು. ನಲ್ಲಿ ನೀರು ಬಹಳ ಹೊತ್ತು ಸುರಿಯುತ್ತಲೇ ಇತ್ತು.

ಆಮೇಲಿನ ತಿಂಗಳುಗಳಲ್ಲಿ ಅಂಕಿಗಳೂ ಹೋದವು. “ಸಾವಿರದ” ಅಂತ ಶುರುಮಾಡಿ ನಿಲ್ಲಿಸಿಬಿಡುತ್ತಿದ್ದರು. ಮುಖ ಕೆಂಪಾಗುತ್ತಿತ್ತು, ಕೈಯಿಂದ ಸ್ಟೀರಿಂಗ್ ಗುದ್ದುತ್ತಿದ್ದರು. ಒಂದು ದಿನ ಕಾರಿನ ಬಾಗಿಲು ತೆಗೆಯುವುದು ಹೇಗೆ ಅಂತಲೇ ತಿಳಿಯದೆ ಹೊರಗೆ ನಿಂತು ಅತ್ತರು. ಅದಾದಮೇಲೆ ಅದರ ಹತ್ತಿರ ಹೋಗಲೇ ಇಲ್ಲ.

ಉತ್ತರಹಳ್ಳಿಯ ಒಂದು ಸಂಸಾರಕ್ಕೆ ಕಾರು ಮಾರಿದೆವು. ತೆಗೆದುಕೊಂಡು ಹೋಗುವಾಗ ಇವರು ಗೇಟಿನಲ್ಲೇ ಇದ್ದರು. ದಾರಿ ಬಿಟ್ಟು ಪಕ್ಕಕ್ಕೆ ಸರಿದರು, ಅಷ್ಟೆ.

ಈಗ ಕಾರು ನಿಲ್ಲುತ್ತಿದ್ದ ಜಾಗದಲ್ಲಿ ಕುರ್ಚಿ ಹಾಕಿ ಅವರನ್ನು ಕೂರಿಸುತ್ತೇನೆ. ಮೊನ್ನೆ ನಾನು ಪಕ್ಕದಲ್ಲಿ ಹೋಗಿ ಕೂತಾಗ, “ನೀವು ಯಾವ ಮನೆಯವರು?” ಅಂತ ಕೇಳಿದರು.

“ಇದೇ ಮನೆ” ಅಂದೆ.

“ಬಿಸಿಲು ಜಾಸ್ತಿ ಇದೆಯಮ್ಮ, ಒಳಗೆ ಹೋಗಿ” ಅಂದರು.

ಎದ್ದು ಒಳಗೆ ಬಂದೆ.