ಕಾಂತಪ್ಪನ ಶನಿವಾರದ ಓದು

ಸಾವಿರದ ಒಂಬೈನೂರ ಐವತ್ತನಾಲ್ಕರ ಸುಮಾರಿನ ಮಾತು. ಮುಂಬಯಿ ಘಾಟ್ಕೋಪರಿನ ಆ ಚಾಳಿನಲ್ಲಿ ಶನಿದೇವರ ಕಥೆ ಓದಿಸುವುದನ್ನು ಶುರುಮಾಡಿದವನೇ ಕಾಂತಪ್ಪ. ಫೋರ್ಟಿನ ಹೋಟೆಲಿನಲ್ಲಿ ವಾರವಿಡೀ ದೋಸೆ ಹೊಯ್ದು ಬೇಯುತ್ತಿದ್ದ ಈ ಉಡುಪಿ ಕಡೆಯವನಿಗೆ ಶನಿವಾರದ ಸಂಜೆಯೆಂದರೆ ಜೀವ. ಒಬ್ಬ ಪದ್ಯ ಓದಬೇಕು, ಇನ್ನೊಬ್ಬ ಅರ್ಥ ಹೇಳಬೇಕು. ಅರ್ಥ ಹೇಳುವವನ ಮಾತನ್ನು ಜನ ದೇವರ ಮಾತೆಂದೇ ಕೇಳುತ್ತಿದ್ದರು. ಓದುವವನಿಗೋ ಸ್ವಂತದ್ದೊಂದು ಅಕ್ಷರ ಆಡುವ ಹಾಗಿಲ್ಲ. ಮಂಗಳ ಹಾಡುವ ತನಕ ನಿಲ್ಲಿಸುವ ಹಾಗೂ ಇಲ್ಲ.

ವರ್ಷಗಟ್ಟಲೆ ಅರ್ಥ ಹೇಳಿದವನು ಕಾಂತಪ್ಪನೇ. ಕಷ್ಟಕ್ಕೆ ಬಿದ್ದ ರಾಜನಿಗೆ ಗಾಣಿಗನೊಬ್ಬ ಆಸರೆ ಕೊಟ್ಟ ಭಾಗ ಬಂದರೆ ಅವನು ಅಲ್ಲೇ ಹೆಚ್ಚು ಹೊತ್ತು ನಿಲ್ಲುತ್ತಿದ್ದ. ಬಾಗಿಲಿಗೆ ಬಂದವನ ಜಾತಿ ಕೇಳಬೇಡಿ ಎನ್ನುತ್ತಿದ್ದ. ಆಗ ಅವನ ಕಣ್ಣು ಹೊಸ್ತಿಲಾಚೆ ಕೂತ, ತನ್ನ ಊರ ಕಡೆಯದೇ ಮುಸಲ್ಮಾನ ಪೊಡಿಯಬ್ಬ ಬ್ಯಾರಿಯ ಕಡೆಗೆ ಹೋಗುತ್ತಿತ್ತು. ಬಂದರಿನಲ್ಲಿ ಮೂಟೆ ಹೊರುವ ಪೊಡಿಯಬ್ಬ ಪಕ್ಕದ ಖೋಲಿಯವನು, ಕಾಂತಪ್ಪನಿಗೆ ಟೈಫಾಯಿಡ್ ಆದಾಗ ಹೊತ್ತುಕೊಂಡು ಆಸ್ಪತ್ರೆಗೆ ಓಡಿದವನು. ಊರಿನ ಮಾತು ಕಿವಿಗೆ ಬೀಳಲಿ ಎಂದು ಪ್ರತಿ ಶನಿವಾರ ಬಂದು ಕೂರುತ್ತಿದ್ದ.

ಕಲಿಯಲಿ ಪಾಪ ಎಂದು ಅರ್ಥದ ಮಣೆಯನ್ನು ಗಿರಣಿ ಕೆಲಸದ ಚೆನ್ನಯನಿಗೆ ಬಿಟ್ಟುಕೊಟ್ಟು, ತಾನು ಪದ್ಯ ಓದಲು ಕೂತದ್ದು ಕಾಂತಪ್ಪನ ಎಡವಟ್ಟು. ಚೆನ್ನಯ ಉಪವಾಸ ಮಾಡುವವನು, ಮೀನು ಬಿಟ್ಟವನು; ಕರಾವಳಿಯವನು ಮೀನು ಬಿಡುವುದೆಂದರೆ ಸಾಮಾನ್ಯವೇ? ಅದೇ ಪುಸ್ತಕ, ಅದೇ ಎಳ್ಳೆಣ್ಣೆ ದೀಪ, ಆದರೆ ಅವನ ಬಾಯಲ್ಲಿ ದೇವರು ಬರೀ ಸಿಟ್ಟಿನವರಾದರು. ಜನಕ್ಕೂ ಅದೇ ರುಚಿಸಿತು. ಖೋಲಿಯಲ್ಲಿ ಕೂರಲು ಜಾಗ ಸಾಲದಾಯಿತು.

ಆ ಶನಿವಾರ ಗಾಣಿಗನ ಭಾಗ. ಕಾಂತಪ್ಪ ಪದ್ಯ ಮುಗಿಸಿದ. ಚೆನ್ನಯ ಬಾಗಿಲ ಕಡೆ ತಿರುಗಿ, "ಗಾಣಿಗ ಒಳಗೆ ಕರೆದದ್ದು ನಮ್ಮವನನ್ನು. ಪರಧರ್ಮದವ ಕೂತಲ್ಲಿ ನಾನು ನಿಲ್ಲುವುದಿಲ್ಲ ಅಂತ ಶನಿದೇವರು ಹೇಳ್ತಾ ಇದ್ದಾರೆ" ಎಂದ.

ಎಲ್ಲರೂ ಹೊಸ್ತಿಲಿನತ್ತ ನೋಡಿದರು. ಪೊಡಿಯಬ್ಬ ಕಾಂತಪ್ಪನನ್ನು ನೋಡಿದ. ಪುಸ್ತಕದಲ್ಲಿ ಅಂಥ ಮಾತೇ ಇಲ್ಲವೆಂದು ಕೂಗಿಬಿಡಬೇಕು ಅನ್ನಿಸಿತು ಕಾಂತಪ್ಪನಿಗೆ. ಆದರೆ ನಡುವೆ ಓದು ನಿಲ್ಲಿಸಿದರೆ ಹೆಂಡತಿ ಮಕ್ಕಳಿಗೆ ಏನಾದೀತೋ ಎಂಬ ಹೆದರಿಕೆ ಅವನ ಎದೆಯಲ್ಲೂ ಇತ್ತು. ಅದನ್ನು ಅಲ್ಲಿಟ್ಟದ್ದೂ ಅದೇ ಪುಸ್ತಕ. ಅವನು ಮುಂದಿನ ಪದ್ಯ ಎತ್ತಿಕೊಂಡ. ತಲೆ ಎತ್ತಿದಾಗ ಹೊಸ್ತಿಲಾಚೆ ಯಾರೂ ಇರಲಿಲ್ಲ.

ಮಂಗಳ ಮುಗಿದದ್ದೇ ಪ್ರಸಾದ ಹಿಡಿದು ಪಕ್ಕದ ಖೋಲಿಗೆ ಓಡಿದ.

"ಚೆನ್ನಯನಿಗೆ ತಲೆ ಸರಿ ಇಲ್ಲ ಮಾರಾಯ," ಎಂದ. "ನೀನು ಮನಸ್ಸಿಗೆ ಹಚ್ಕೊಳ್ಬೇಡ."

ಪೊಡಿಯಬ್ಬ ಬಾಳೆಲೆಯ ಪ್ರಸಾದವನ್ನು ಎರಡೂ ಕೈಯಲ್ಲಿ ತೆಗೆದುಕೊಂಡ.

"ಅವ ಹೇಳಿದ್ದಕ್ಕೆ ಎಂತ ಇಲ್ಲ," ಎಂದ. "ನಿನ್ನ ಓದು ಈಗ ನಿಲ್ತದೆ, ಈಗ ನಿಲ್ತದೆ ಅಂತ ನಾನು ಮೆಟ್ಟಿಲ ಹತ್ರ ಸುಮಾರು ಹೊತ್ತು ನಿಂತಿದ್ದೆ ಕಾಂತಪ್ಪ. ನಿಲ್ಲಲಿಲ್ಲ."