ಕಿರುಬೆರಳಿಗೆ ಒಪ್ಪಿದ ಹಿಡಿ

ಚೆನ್ನೈಯಲ್ಲಿ ಮೌಂಟೆನ್ ಬೈಕ್ ಇಟ್ಟುಕೊಂಡವಳು ನಾನು. ನುಂಗಂಬಾಕ್ಕಂನ ನಮ್ಮ ಬೀದಿಯಲ್ಲಿ ಸಿಗುವ ಬೆಟ್ಟಗಳೆಂದರೆ ರೋಡ್ ಹಂಪುಗಳು ಮಾತ್ರ. ಆದರೂ ಐವತ್ತು ದಾಟಿದ ಮೇಲೆ ಕೊಂಡ ಆ ಸೈಕಲ್ಲೆಂದರೆ ನನಗೆ ಪ್ರಾಣ.

ಕಾಟ ಕೊಟ್ಟದ್ದು ಅದರ ಹ್ಯಾಂಡಲಿನ ಹಿಡಿ. ಒಂದು ಭಾನುವಾರ ಬೆಸೆಂಟ್ ನಗರದ ಕಡಲತೀರಕ್ಕೆ ಹೋಗಿ ಬಂದಾಗ ಬಲಗೈಯ ಕಿರುಬೆರಳು ಮರಗಟ್ಟಿತ್ತು. ನನ್ನವರು ಕೊಟ್ಟ ಕಾಫಿ ಲೋಟ ಜಾರಿ ನೆಲದ ಪಾಲಾಯಿತು. ಪುರಸೈವಾಕ್ಕಂನಲ್ಲಿ ಹೋಟೆಲು ನಡೆಸುವ ಅವರಿಗೆ ಚೆಲ್ಲಿದ ಕಾಫಿ ಕಂಡರಾಗದು.

"ಇನ್ನೊಮ್ಮೆ ಬೆರಳು ಹೀಗಾದ್ರೆ ಸೈಕಲ್ ಮಾರುವ, ಮಾರಾಯ್ತಿ," ಎಂದರು.

ಆ ಮಾತು ಕೇಳಿ ನನಗೆ ಊಟ ಸೇರಲಿಲ್ಲ. ಹೊಸ ನಮೂನೆಯ ಹಿಡಿಗಳನ್ನು ತರಿಸಿ ಮೇಜಿನ ಮೇಲೆ ಹರಡಿಕೊಂಡೆ. ಸೀರೆ ಅಂಗಡಿಯಲ್ಲಿ ಕೂತವಳಂತೆ ಒಂದೊಂದನ್ನೂ ಹಿಸುಕಿ, ಸವರಿ, ಸೈಕಲ್ಲಿಗೆ ಹಾಕಿ ಬೀದಿ ಸುತ್ತಿ ಬಂದೆ. ಸ್ಪಂಜಿನದ್ದು ಕೈಗೆ ಬಲು ಸುಖ, ಆದರೆ ಇಲ್ಲಿನ ಬೆವರು ಕುಡಿದು ಒದ್ದೆ ಅಡುಗೆಬಟ್ಟೆಯ ವಾಸನೆ ಹೊಡೆಯಿತು. ತೆಳು ರಬ್ಬರಿನದ್ದಕ್ಕೆ ತುದಿಯಲ್ಲಿ ಸ್ಕ್ರೂ. ಬಿಗಿದರೆ ಅಲುಗದು, ಬೆವರಿದರೂ ಜಾರದು. ರಸ್ತೆಯ ಗುಂಡಿಗಳನ್ನು ಮಾತ್ರ ನೇರ ಮೊಣಕೈಗೆ ತಲುಪಿಸುತ್ತಿತ್ತು. ಉಳಿದದ್ದು ಅಂಗೈ ಊರುವಲ್ಲಿ ಅಗಲವಾಗಿ ಚಾಚಿಕೊಂಡಿದ್ದ ಹಿಡಿ. ನೋಡಲು ಅವಲಕ್ಷಣ.

"ಅಮ್ಮಾ, ಇದು ದೋಸೆ ಕರಂಡಿ ಮಾದಿರಿ ಇರುಕ್ಕು," ಎಂದು ಮಗಳು ತಮಿಳಿನಲ್ಲಿ ಹೇಳಿ ನಕ್ಕಳು, ದೋಸೆ ಮಗುಚುವ ಸಟ್ಟುಗದ ಹಾಗಿದೆಯಂತೆ. ನನ್ನವರು ಅದನ್ನು ಹಿಡಿದು ನೋಡಿ ಕೆಳಗಿಟ್ಟರು.

ಮುಂದಿನ ಭಾನುವಾರ ಆ ದೋಸೆ ಸಟ್ಟುಗವನ್ನೇ ಬಿಗಿಸಿಕೊಂಡು ಹೊರಟೆ. ಅಂಗೈ ಅದರ ಮೇಲೆ ಹಾಯಾಗಿ ಕೂತಿತು. ದಾರಿಯುದ್ದಕ್ಕೂ ಯಾರಿಗೂ ಹೆದರದೆ ಹಾಡಿಕೊಂಡೆ, ಬಸ್ಸಿನ ಕಿಟಕಿಯಲ್ಲಿ ಕೂತವರಿಗೆಲ್ಲ ಬೆಲ್ ಬಾರಿಸಿದೆ. ಕಡಲು ಕಂಡು ಮರಳಿದಾಗ ನನ್ನವರು ಬಾಗಿಲಲ್ಲೇ ತುಂಬಿದ ಕಾಫಿ ಲೋಟ ಹಿಡಿದು ಕಾಯುತ್ತಿದ್ದರು. ಪರೀಕ್ಷೆ ಎಂದು ತಿಳಿಯಿತು. ಬಲಗೈ ಚಾಚಿದೆ.

ಲೋಟ ಮತ್ತೆ ನೆಲಕ್ಕೆ ಬಿತ್ತು.

ಅವರ ಮುಖ ಇಳಿಯಿತು. "ಮತ್ತೆ ಮರಗಟ್ಟಿತಾ?"

"ಇಲ್ಲ, ಸುಟ್ಟಿತು," ಎಂದೆ. ಕಿರುಬೆರಳನ್ನು ಅವರ ಮೂಗಿನ ಮುಂದೆ ಹಿಡಿದೆ. ತುದಿ ಕೆಂಪಾಗಿತ್ತು. "ನೋಡಿ, ಚೆನ್ನಾಗಿ ಸುಟ್ಟಿದೆ." ಖುಷಿ ತಡೆಯಲಾರದೆ ಚೆಲ್ಲಿದ ಕಾಫಿಯ ಸುತ್ತ ಕುಣಿದೇಬಿಟ್ಟೆ.

ಅವರು ಒಳಗೆ ಹೋಗಿ ನೆಲ ಒರೆಸುವ ಬಟ್ಟೆ ತಂದು, ತಾವೇ ಬಗ್ಗಿ ಒರೆಸತೊಡಗಿದರು.